ಕಾಗದ ಹಾರಿಸದ ಪ್ರೊಪೆಲ್ಲರ್

ವಿಮಾನಕ್ಕೆ ಎಂಜಿನ್ ಒಂದು ಇರತಕ್ಕದ್ದು ಎಂಬ ವಿಷಯದಲ್ಲಿ ಸ್ವನಿರ್ಮಿತ ಲಘು ವಿಮಾನ ಇಲಾಖೆಗೆ ಎಂದೂ ಭಿನ್ನಾಭಿಪ್ರಾಯ ಇರಲಿಲ್ಲ. ಪ್ರೊಪೆಲ್ಲರ್ ವಿಷಯದಲ್ಲೂ ಇಲಾಖೆಯ ನಿಲುವು ಅಷ್ಟೇ ಸ್ಪಷ್ಟ: ಅದೂ ಇರತಕ್ಕದ್ದು. ಹದಿನೆಂಟು ವರ್ಷಗಳಿಂದ ಇಲಾಖೆ ಈ ಎರಡು ನಿಲುವುಗಳನ್ನು ಕಾಪಾಡಿಕೊಂಡು ಬಂದಿತ್ತು. ಆ ಅವಧಿಯಲ್ಲಿ ಮನೆಯಲ್ಲಿ ವಿಮಾನ ಕಟ್ಟಿದವರು ಯಾರೂ ಇಲಾಖೆಯ ಮೆಟ್ಟಿಲು ಹತ್ತಿರಲಿಲ್ಲವಾದ್ದರಿಂದ ನಿಲುವು ಸಡಿಲಿಸುವ ಪ್ರಸಂಗ ಬಂದಿರಲಿಲ್ಲ. ಹದಿನಾರು ಮಂದಿ ನೌಕರರು ಬೆಳಿಗ್ಗೆ ಹತ್ತಕ್ಕೆ ಬಂದು ಸಂಜೆ ಐದಕ್ಕೆ ಹೋಗುತ್ತಿದ್ದರು. ನಡುವೆ, ಅಕಸ್ಮಾತ್ ವಿಮಾನ ಬಂದುಬಿಟ್ಟರೆ ಏನು ಮಾಡಬೇಕು ಎಂಬ ನಿಯಮಾವಳಿಗೆ ತಿದ್ದುಪಡಿಗಳನ್ನು ತರುತ್ತಿದ್ದರು.

ಹತ್ತೊಂಬತ್ತನೇ ವರ್ಷದ ಬೇಸಿಗೆಯಲ್ಲಿ ಬಡಗಿ ಬಂದ.

ಬಾಗಿಲು, ಕಿಟಕಿ, ಚೌಕಟ್ಟು ಮಾಡುವುದು ಅವನ ಕಸುಬು. ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಏಳು ವರ್ಷದಿಂದ ಎರಡು ಸೀಟಿನ ವಿಮಾನವೊಂದನ್ನು ಕಟ್ಟುತ್ತಿದ್ದ. ಮೈಯೆಲ್ಲ ಮರ; ರೆಕ್ಕೆಯ ಪಕ್ಕೆಲುಬುಗಳನ್ನು ಒಂದೊಂದಾಗಿ ಸೀಳಿ, ಬಾಗಿಸಿ, ಅಂಟಿಸಿದ್ದ. ಅದರ ಮೇಲೆ ಎಳೆದು ಹೊದಿಸಿದ ಬಟ್ಟೆ ಅವನ ಹೆಂಡತಿ ಹೊಲಿದದ್ದು. ಅವಳು ದರ್ಜಿ. ಮೂರು ಮಳೆಗಾಲ ಕೂತು ಹೊಲಿದಿದ್ದಳು, ಒಂದು ಹೊಲಿಗೆಯೂ ಸೊಟ್ಟಗಿರಲಿಲ್ಲ.

ಉಳಿದಿದ್ದು ಎಂಜಿನ್ನು, ಪ್ರೊಪೆಲ್ಲರು. ಇವೆರಡರ ಬಗ್ಗೆ ಗಂಡಹೆಂಡತಿ ಊಟದ ಮೇಜಿನಲ್ಲಿ ಎರಡು ವರ್ಷ ಮಾತಾಡಿದ್ದರು. ಹಗುರದ ಎಂಜಿನ್ ತಂದರೆ ಅದು ವಿಪರೀತ ವೇಗವಾಗಿ ತಿರುಗುತ್ತದೆ, ವೇಗ ತಗ್ಗಿಸಲು ನಡುವೆ ಹಲ್ಲಿನ ಚಕ್ರ ಕೂರಿಸಬೇಕು. ಭಾರದ್ದು ತಂದರೆ ಮೂಗು ಜೋಲುತ್ತದೆ. ಪ್ರೊಪೆಲ್ಲರ್ ಉದ್ದವಾದರೆ ತುದಿ ನೆಲಕ್ಕೆ ತಾಗುತ್ತದೆ. ಗಿಡ್ಡವಾದರೆ ಸಾಕಷ್ಟು ಎಳೆಯುವುದಿಲ್ಲ. ಅಲಗಿನ ಓರೆ ಎಷ್ಟಿರಬೇಕು ಎನ್ನುವುದು ಮಾತ್ರ ಬಡಗಿಗೆ ಸಲೀಸಾಗಿ ಅರ್ಥವಾಗಿತ್ತು. ಸ್ಕ್ರೂ ಒಂದು ಸುತ್ತು ತಿರುಗಿದಾಗ ಮರದೊಳಕ್ಕೆ ಇಷ್ಟು ಎಂದು ಇಳಿಯುವ ಹಾಗೆ, ಪ್ರೊಪೆಲ್ಲರು ಒಂದು ಸುತ್ತು ತಿರುಗಿದಾಗ ಗಾಳಿಯೊಳಕ್ಕೆ ಇಷ್ಟು ಎಂದು ಇಳಿಯಬೇಕು.

"ನನ್ನನ್ನ ನೋಡೋಕೆ ಬಂದಾಗ ನೀವು ಇಷ್ಟು ಯೋಚನೆ ಮಾಡಿರಲಿಲ್ಲ," ಅಂದಿದ್ದಳು ಹೆಂಡತಿ.

"ಆಗ ಕೆಳಗೆ ಬೀಳೋ ಭಯ ಇರಲಿಲ್ಲ ಕಣೇ," ಅಂದಿದ್ದ ಅವನು.

ಕೊನೆಗೆ ಗುಜರಿಯಿಂದ ಹಳೇ ಕಾರೊಂದರ ನಾಲ್ಕು ಸಿಲಿಂಡರಿನ ಎಂಜಿನ್ ತಂದು, ನಟ್ಟು ನಟ್ಟೂ ಬಿಚ್ಚಿ ತೊಳೆದು, ಮತ್ತೆ ಜೋಡಿಸಿದ. ಅದಕ್ಕೆ ಹೊಂದುವಂತೆ ಮರದ ಹಲಗೆಗಳನ್ನು ಪದರ ಪದರವಾಗಿ ಅಂಟಿಸಿ ನಾಲ್ಕೂವರೆ ಅಡಿ ಉದ್ದದ ಪ್ರೊಪೆಲ್ಲರ್ ಕೆತ್ತಿದ. ಇನ್ನು ಅಪ್ಪಣೆಯೊಂದೇ ಬಾಕಿ ಅಂದುಕೊಂಡು ಇಲಾಖೆಗೆ ಬಂದ.

ಅರ್ಜಿ ತೆಗೆದುಕೊಳ್ಳುವ ಗುಮಾಸ್ತೆ ಅವನನ್ನು ಕುರ್ಚಿಯಲ್ಲಿ ಕೂರಿಸಿ ಎರಡು ಹಾಳೆ ಮುಂದಿಟ್ಟಳು.

"ಎಂಜಿನ್‌ಗೆ ನಮೂನೆ ಏಳು. ಮೂರನೇ ಕಾಲಮಿನಲ್ಲಿ ಪ್ರೊಪೆಲ್ಲರ್ ಮಂಜೂರಾತಿ ಸಂಖ್ಯೆ ಬರೀರಿ."

"ಪ್ರೊಪೆಲ್ಲರ್ ಇನ್ನೂ ಮಂಜೂರಾಗಿಲ್ಲವಲ್ಲಮ್ಮ."

"ಅದಕ್ಕೆ ನಮೂನೆ ಎಂಟು."

"ಎಂಟರಲ್ಲಿ ಮೂರನೇ ಕಾಲಮು?"

"ಎಂಜಿನ್ ಮಂಜೂರಾತಿ ಸಂಖ್ಯೆ."

ಬಡಗಿಗೆ ಸಿಟ್ಟು ಬರಲಿಲ್ಲ. ನಿಜ ಹೇಳಬೇಕೆಂದರೆ ಇಲಾಖೆಯ ಮೇಲೆ ಗೌರವ ಬಂತು. ಎಂಜಿನ್ ನೋಡದೆ ಪ್ರೊಪೆಲ್ಲರ್ ಆರಿಸಬಾರದು, ಪ್ರೊಪೆಲ್ಲರ್ ನೋಡದೆ ಎಂಜಿನ್ ಆರಿಸಬಾರದು ಎಂಬುದನ್ನು ತಿಳಿಯಲು ತನಗೆ ಎರಡು ವರ್ಷ ಹಿಡಿಯಿತು. ಈ ಹಾಳೆಗಳಿಗೆ ಅದು ಮೊದಲೇ ಗೊತ್ತಿದೆ. ಹಾಗಂತ ಹೇಳಿಯೂ ಹೇಳಿದ. ಗುಮಾಸ್ತೆಗೆ ಹೊಗಳಿಕೆ ಕೇಳಿ ಅಭ್ಯಾಸವಿರಲಿಲ್ಲ. ಅವಳು ನಿಯಮಾವಳಿಯನ್ನು ಹಿಂದಿನಿಂದ ಮುಂದಕ್ಕೆ ತಿರುವಿ, ಇಂಥ ಸಂದರ್ಭದಲ್ಲಿ ಎರಡನ್ನೂ ತಾತ್ಕಾಲಿಕವಾಗಿ ಜೋಡಿಸಿದ ವಿಮಾನವನ್ನು ಇಲಾಖೆಯ ಹಿತ್ತಲಿಗೆ ತಂದು ಓಡಿಸಿ ತೋರಿಸಬಹುದು ಎಂಬ ಉಪನಿಯಮವನ್ನು ಹುಡುಕಿ ಕೊಟ್ಟಳು.

ಎಂಟು ದಿನಕ್ಕೆ ವಿಮಾನ ಲಾರಿಯಲ್ಲಿ ಹಿತ್ತಲಿಗೆ ಬಂತು. ಬಡಗಿ ರೆಕ್ಕೆ ಜೋಡಿಸಿ, ಬಾಲವನ್ನು ಮರಕ್ಕೆ ಹಗ್ಗದಿಂದ ಕಟ್ಟಿದ. ಹಿತ್ತಲು ಚಿಕ್ಕದು; ವಿಮಾನ ಒಂದೇ ರೀತಿ ನಿಲ್ಲಬಹುದಿತ್ತು, ಮೂಗು ಬಯಲಿಗೆ, ಬಾಲ ಕಚೇರಿಗೆ. ಇಲಾಖೆಗೆ ಬೆನ್ನು ಮಾಡಿ ನಿಂತಿರುವ ಬಗ್ಗೆ ತಾಂತ್ರಿಕ ಅಧಿಕಾರಿ ಬಡಗಿಯಿಂದ ಲಿಖಿತ ವಿವರಣೆ ಪಡೆದು ಕಡತಕ್ಕೆ ಸೇರಿಸಿದ ಮೇಲೆ ಎಂಜಿನ್ ಶುರುವಾಯಿತು.

ಇಲ್ಲಿ ಕಚೇರಿಯ ಫ್ಯಾನುಗಳ ಸಂಗತಿ ಹೇಳಬೇಕು. ಅಲ್ಲಿ ಹನ್ನೊಂದು ಫ್ಯಾನುಗಳಿದ್ದವು, ಮೂರು ಬೇಸಿಗೆಯಿಂದ ಒಂದೂ ತಿರುಗಿರಲಿಲ್ಲ. ರಿಪೇರಿಗೆ ಕಳಿಸಬೇಕಾದರೆ ಅವು ಕೆಟ್ಟಿವೆ ಎಂದು ಸಂಬಂಧಪಟ್ಟವರು ದೃಢೀಕರಿಸಬೇಕಿತ್ತು. ಅವರು ಬಂದ ದಿನ ಕರೆಂಟ್ ಇರಲಿಲ್ಲ. ಕರೆಂಟ್ ಇಲ್ಲದಾಗ ತಿರುಗದ ಫ್ಯಾನನ್ನು ಕೆಟ್ಟದ್ದೆಂದು ಹೇಳಲಾಗದು, ಅದು ಫ್ಯಾನಿನ ಸಹಜ ಸ್ಥಿತಿ ಎಂದು ಬರೆದು ಹೋಗಿದ್ದರು.

ವಿಮಾನದ ಮೂಗಿನಲ್ಲಿ ತಿರುಗುವ ಪ್ರೊಪೆಲ್ಲರ್ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ. ಹಿಂದೆ ಇದ್ದದ್ದು ಕಚೇರಿಯ ಆರು ಕಿಟಕಿ. ಬಡಗಿ ಐದು ನಿಮಿಷ ಓಡಿಸಿ ನಿಲ್ಲಿಸಿದಾಗ ಒಳಗಿನಿಂದ ಒಂದು ಸದ್ದೂ ಇಲ್ಲ. ಏನೋ ಎಡವಟ್ಟಾಯಿತು ಎಂದು ಅವನು ಓಡಿ ಹೋಗಿ ನೋಡಿದ. ತಾಂತ್ರಿಕ ಅಧಿಕಾರಿ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿಕೊಂಡು ಕಣ್ಣುಮುಚ್ಚಿ ನಿಂತಿದ್ದರು. ಗುಮಾಸ್ತೆಯ ಜಡೆ ಬಿಚ್ಚಿಹೋಗಿತ್ತು, ಮುಖದಲ್ಲಿ ನಗು ಇತ್ತು. ಹದಿನೆಂಟು ವರ್ಷದ ಕಡತಗಳು ಕಪಾಟಿನಿಂದ ಎದ್ದು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಿ ಬಿದ್ದಿದ್ದವು. ಇಲಾಖೆಯ ಇತಿಹಾಸದಲ್ಲಿ ಕಡತಗಳು ಅಷ್ಟು ವೇಗವಾಗಿ ಚಲಿಸಿದ್ದಿಲ್ಲ.

ನಿರ್ದೇಶಕರು ತಮ್ಮ ಕೊಠಡಿಯಿಂದ ಹೊರಗೆ ಬಂದರು.

"ಪರೀಕ್ಷೆ ಅಪೂರ್ಣ ಅನ್ನಿಸುತ್ತೆ," ಅಂದರು. "ಇನ್ನೊಂದು ಸಲ ಹಾಕಿ."

ಮಾರನೇ ದಿನ ನೋಟೀಸ್ ಬೋರ್ಡಿನಲ್ಲಿ ಪ್ರಕಟಣೆ ಕಂಡಿತು: "ಅರ್ಜಿದಾರರ ವಿಮಾನದ ಎಂಜಿನ್ ಹಾಗೂ ಪ್ರೊಪೆಲ್ಲರನ್ನು ಕೂಲಂಕಷವಾಗಿ ಪರಿಶೀಲಿಸಿ ಸೂಕ್ತವಾದುದನ್ನು ಆಯ್ಕೆ ಮಾಡುವ ಸಲುವಾಗಿ ಹದಿನಾರು ಸದಸ್ಯರ ಸಮಿತಿಯನ್ನು ರಚಿಸಲಾಗಿದೆ. ಸದಸ್ಯರು ತಮ್ಮ ತಮ್ಮ ಮೇಜುಗಳಲ್ಲಿಯೇ ಕುಳಿತು ಪರಿಶೀಲನೆ ನಡೆಸತಕ್ಕದ್ದು. ಪರಿಶೀಲನೆಯ ವೇಳೆ ಕಿಟಕಿಗಳು ತೆರೆದಿರತಕ್ಕದ್ದು."

ಸಮಿತಿ ಮೊದಲ ವಾರದಲ್ಲೇ ಕಾರಿನ ಎಂಜಿನ್ನನ್ನು ತಿರಸ್ಕರಿಸಿತು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಿರ್ದೇಶಕರು ಕುರ್ಚಿಗೊರಗಿ ಆಳವಾಗಿ ಚಿಂತನೆ ಮಾಡುವ ಪದ್ಧತಿ ಇತ್ತು. ನಾಲ್ಕು ಸಿಲಿಂಡರಿನ ಸದ್ದಿಗೆ ಚಿಂತನೆಯಿಂದ ಎಚ್ಚರವಾಗುತ್ತಿತ್ತು. ಬಡಗಿ ಬೇರೆ ಬೇರೆ ಎಂಜಿನ್ ತಂದು ಕಟ್ಟಿ ತೋರಿಸಿದ. ಬೈಕಿನದು ಕಿವಿಗೆ ಕಠೋರ ಎನ್ನಿಸಿತು. ದೋಣಿಯದಕ್ಕೆ ಹೊಗೆ ಜಾಸ್ತಿ. ಕೊನೆಗೆ ಹುಲ್ಲು ಕತ್ತರಿಸುವ ಯಂತ್ರದಿಂದ ಬಿಚ್ಚಿದ ಪುಟ್ಟ ಎಂಜಿನ್ ತಂದಾಗ ನಿರ್ದೇಶಕರ ಕೊಠಡಿಯಿಂದ ಗೊರಕೆ ಕೇಳಿಸಿತು. ಸಮಿತಿ ಅದನ್ನು ಸರ್ವಾನುಮತದ ಒಪ್ಪಿಗೆಯೆಂದು ದಾಖಲಿಸಿತು.

ಪ್ರೊಪೆಲ್ಲರಿನದು ಇನ್ನೂ ತೊಡಕಿನ ವಿಷಯ. ಗಾಳಿ ಬರಬೇಕು, ಆದರೆ ಮೇಜಿನ ಮೇಲಿನ ಕಾಗದ ಹಾರಬಾರದು. ತಾಂತ್ರಿಕ ಅಧಿಕಾರಿ ಇದನ್ನು ಬರವಣಿಗೆಯಲ್ಲೇ ಕೊಟ್ಟರು.

"ಸರ್," ಅಂದ ಬಡಗಿ, "ಒಂದು ಕಾಗದವನ್ನೇ ಹಾರಿಸಲಾರದ ಪ್ರೊಪೆಲ್ಲರು ವಿಮಾನವನ್ನ ಹೇಗೆ ಹಾರಿಸುತ್ತೆ?"

"ವಿಮಾನ ಹಾರಬೇಕು ಅಂತ ನಿಯಮದಲ್ಲಿ ಎಲ್ಲಿದೆ? ಇದ್ದರೆ ತೋರಿಸಿ, ಈಗಲೇ ಬದಲಾಯಿಸ್ತೀನಿ."

ಅವರು ಕುಹಕದಿಂದ ಹೇಳಿದ ಮಾತಲ್ಲ. ನಿಯಮಾವಳಿಯ ಪ್ರತಿಯನ್ನು ತಾವೇ ತೆಗೆದು ಕೊಟ್ಟರು, ಓದಲು ಜಾಗವನ್ನೂ ಮಾಡಿಕೊಟ್ಟರು. ಬಡಗಿ ಮೂರು ದಿನ ಕೂತು ಓದಿದ. ವಿಮಾನ ಎಲ್ಲೆಲ್ಲಿ, ಯಾವಾಗ, ಯಾರ ಮೇಲೆ ಹಾರಬಾರದು ಎಂದು ಇನ್ನೂರ ಹನ್ನೊಂದು ಕಡೆ ಬರೆದಿತ್ತು. ಹಾರಬೇಕು ಎಂದು ಒಂದು ಕಡೆಯೂ ಇರಲಿಲ್ಲ.

ಅವನು ಮನೆಗೆ ಬಂದು ಹೆಂಡತಿಗೆ ಹೇಳಿದ, "ಅವರು ಹೇಳಿದ್ದನ್ನೇ ಮಾಡಿಕೊಟ್ಟುಬಿಡ್ತೀನಿ. ಸರ್ಟಿಫಿಕೇಟ್ ಒಂದು ಕೈಗೆ ಬರಲಿ. ಆಮೇಲೆ ನಮ್ಮ ಎಂಜಿನ್ನು, ನಮ್ಮ ಪ್ರೊಪೆಲ್ಲರು ಹಾಕ್ಕೊಂಡರಾಯ್ತು."

ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೇಳಿದಳು, "ರೀ, ಆ ಆಫೀಸಿನಲ್ಲಿ ಆಮೇಲೆ ಅನ್ನೋದು ಯಾವ ಕಾಲಮಿನಲ್ಲಿ ಬರುತ್ತೆ?"

ಅವನು ಉಳಿ ಹುಡುಕಿಕೊಂಡು ಶೆಡ್ಡಿಗೆ ಹೋದ.

ಐದು ಪ್ರೊಪೆಲ್ಲರ್ ಕೆತ್ತಿದ. ಮೊದಲನೆಯದು ಕಿಟಕಿಯ ಹತ್ತಿರ ಕೂತವರಿಗೆ ಮಾತ್ರ ತಲುಪಿತು. ಒಳಗಿನವರು ತಾರತಮ್ಯದ ದೂರು ಕೊಟ್ಟರು. ಎರಡನೆಯದರ ಗಾಳಿ ಸೂರಿಗೆ ಹೋಯಿತು. ಮೂರನೆಯದು ಎಲ್ಲರಿಗೂ ತಲುಪಿತು, ಆದರೆ ನಿರ್ದೇಶಕರಿಗೂ ಟೈಪಿಸ್ಟಿಗೂ ಸಮನಾಗಿ ತಲುಪಿತು. ಹುದ್ದೆಗೆ ತಕ್ಕ ಗಾಳಿ ಇರಬೇಕೆಂದು ಸಮಿತಿ ಸೂಚಿಸಿತು. ಬಡಗಿ ಅಲಗುಗಳನ್ನು ಅಗಲ ಮಾಡಿದ, ಎರಡಿದ್ದವನ್ನು ಐದು ಮಾಡಿದ, ಓರೆಯನ್ನು ಕಮ್ಮಿ ಮಾಡಿ ಹೆಚ್ಚುಕಮ್ಮಿ ಚಪ್ಪಟೆಗೆ ತಂದ.

ಕಸುಬಿನವನಿಗೆ ಇರುವ ರೋಗವೊಂದಿದೆ. ಯಾವ ಕೆಲಸ ಕೊಟ್ಟರೂ ಅದನ್ನು ಚೆನ್ನಾಗಿ ಮಾಡಿಬಿಡುತ್ತಾನೆ. ಬೇಡದ ಪ್ರೊಪೆಲ್ಲರನ್ನು ಬೇಕಾಬಿಟ್ಟಿ ಕೆತ್ತಬೇಕೆಂದು ಕೂತವನು ಉಳಿ ಹಿಡಿದ ಮೇಲೆ ಮರೆತ. ಐದನೆಯದನ್ನು ಕಟ್ಟಿ ಓಡಿಸಿದಾಗ ಗಾಳಿ ಆರು ಕಿಟಕಿಯಿಂದಲೂ ಮೆಲ್ಲಗೆ ಒಳಗೆ ಹೋಗಿ, ಒಂದು ಹಾಳೆಯನ್ನೂ ಅಲುಗಿಸದೆ, ನಿರ್ದೇಶಕರ ಕೊಠಡಿಯಲ್ಲಿ ತುಸು ಹೊತ್ತು ನಿಂತು, ಮೂಲೆಯ ಟೈಪಿಸ್ಟರ ಕೊರಳಿನ ಬೆವರು ಒಣಗಿಸಿತು. ಟೈಪಿಸ್ಟು ಕಿಟಕಿಗೆ ಬಂದು ಕೈ ಎತ್ತಿ ಮುಗಿದರು. ಬಡಗಿಗೆ ಕಣ್ಣು ತುಂಬಿ ಬಂತು. ಅದು ಯಾಕೆಂದು ಅವನಿಗೆ ಆಮೇಲೂ ಗೊತ್ತಾಗಲಿಲ್ಲ.

ಸರ್ಟಿಫಿಕೇಟ್ ಆ ವಾರವೇ ಬಂತು. ವಿಮಾನದ ಎಂಜಿನ್ ಮತ್ತು ಪ್ರೊಪೆಲ್ಲರ್ ಪರಸ್ಪರ ಹೊಂದಾಣಿಕೆಯಾಗಿದ್ದು ಇನ್ನು ಮುಂದೆ ಅವನ್ನು ಬೇರ್ಪಡಿಸತಕ್ಕದ್ದಲ್ಲ. ವಿಮಾನ ನಾಲ್ಕು ಗೂಟಗಳಿಗೆ ಕಟ್ಟಿರತಕ್ಕದ್ದು. ಚಾಲಕ ಸೀಟಿನಲ್ಲಿ ಇಲ್ಲದಾಗ ಎಂಜಿನ್ ಓಡತಕ್ಕದ್ದಲ್ಲ. ಕಚೇರಿ ವೇಳೆಯಲ್ಲಿ ಎಂಜಿನ್ ನಿಲ್ಲತಕ್ಕದ್ದಲ್ಲ.

"ಹಾಗಾದರೆ ಚಾಲಕ ಯಾರು ಸರ್?" ಅಂತ ಬಡಗಿ ತಾಂತ್ರಿಕ ಅಧಿಕಾರಿಯನ್ನು ಕೇಳಿದ.

"ಲೈಸೆನ್ಸ್ ಇದೆಯಾ ನಿಮಗೆ?"

"ಇಲ್ಲ."

"ನಲವತ್ತು ಗಂಟೆ ಸೀಟಿನಲ್ಲಿ ಕೂತರೆ ಸಿಗುತ್ತೆ. ನಾಳೆಯಿಂದ ಕೂತ್ಕೊಳ್ಳಿ. ಇದಕ್ಕಿಂತ ಅನುಕೂಲ ಬೇರೆ ಯಾವ ಇಲಾಖೆಯಲ್ಲಿದೆ, ಹೇಳಿ."

ಲೆಕ್ಕ ಸರಿಯಾಗಿತ್ತು. ಲೈಸೆನ್ಸ್ ಇಲ್ಲದೆ ಸ್ವಂತ ಎಂಜಿನ್ ಹಾಕಿಕೊಂಡು ತಾನೇ ಏನು ಮಾಡುವುದು? ಬಡಗಿ ಅಂಗಡಿಯ ಬಾಗಿಲಿಗೆ ಬೀಗ ಹಾಕಿ, ಹತ್ತಕ್ಕೆ ಬಂದು ಸೀಟಿನಲ್ಲಿ ಕೂತ. ಹಾರಾಟದ ಪುಸ್ತಕ ಕೊಟ್ಟಿದ್ದರು. ಹೊರಟ ಸ್ಥಳ: ಹಿತ್ತಲು. ತಲುಪಿದ ಸ್ಥಳ: ಹಿತ್ತಲು. ಎತ್ತರ: ಇಲ್ಲ. ವಿಶೇಷ: ಇಲ್ಲ. ಸಂಜೆ ತಾಂತ್ರಿಕ ಅಧಿಕಾರಿ ರುಜು ಹಾಕುವಾಗ "ಸುಖ ಪ್ರಯಾಣವೇ?" ಎಂದು ಕೇಳುವರು. ಅದು ಪುಸ್ತಕದಲ್ಲಿ ಅಚ್ಚಾಗಿದ್ದ ಪ್ರಶ್ನೆ.

ನಾಲ್ಕನೇ ದಿನ ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ತಂದಳು. ಕಚೇರಿ ವೇಳೆಯಲ್ಲಿ ಎಂಜಿನ್ ನಿಲ್ಲಿಸುವಂತಿಲ್ಲವಾದ್ದರಿಂದ ಅವಳೇ ಹತ್ತಿ ಹಿಂದಿನ ಸೀಟಿನಲ್ಲಿ ಕೂತಳು. ಗುಮಾಸ್ತೆ ಕಿಟಕಿಯಿಂದಲೇ ಪ್ರಯಾಣಿಕರ ನಮೂನೆಯನ್ನು ಚಾಚಿದಳು, ಹೆಂಡತಿ ರುಜು ಹಾಕಿದಳು. ಬೆಲ್ಟು ಬಿಗಿದುಕೊಂಡು ಸುತ್ತ ನೋಡಿದಳು. ತಾನು ಹೊಲಿದ ರೆಕ್ಕೆ ಎರಡೂ ಕಡೆ ಚಾಚಿಕೊಂಡಿತ್ತು.

"ಇಲ್ಲಿಂದ ಏನು ಕಾಣುತ್ತೆ ನಿಮಗೆ ದಿನಾ?"

"ಬೇಲಿ. ಅದರಾಚೆ ಬಯಲು."

ಆಗ ಬಯಲಿನ ಕಡೆಯಿಂದ ಗಾಳಿ ಎದ್ದಿತು. ಇಲಾಖೆಯ ಗಾಳಿಯಲ್ಲ, ಯಾರೂ ಮಂಜೂರು ಮಾಡದ ಗಾಳಿ. ಬೇಲಿಯ ಮೇಲಿಂದ ಧೂಳು ಹೊತ್ತು ಬಂದು ಎದುರಿನಿಂದ ರೆಕ್ಕೆಯ ಕೆಳಗೆ ಕೈ ಹಾಕಿತು. ಮರದ ಪಕ್ಕೆಲುಬುಗಳು ಕಿರ್ರೆಂದವು, ಹೊಲಿದ ಬಟ್ಟೆ ಬಿಗಿಯಾಯಿತು. ಕೆಳಗೆ ನೆಲಕ್ಕೆ ತಾಗಿ ಅದುರುತ್ತಿದ್ದ ಚಕ್ರಗಳ ಗರಗರ ನಿಂತೇಹೋಯಿತು. ನಾಲ್ಕು ಹಗ್ಗಗಳೂ ಒಟ್ಟಿಗೆ ಸೆಟೆದವು.

ಹಿಂದಿನಿಂದ ಒಂದು ಕೈ ಬಂದು ಅವನ ಭುಜ ಹಿಡಿಯಿತು.

"ರೀ," ಅಂದಳು, ಬಹಳ ಮೆತ್ತಗೆ. "ಎದ್ದಿದೀವಿ."

ಅವನ ಕೈಯಲ್ಲಿದ್ದ ಚಾಲನೆಯ ಕೋಲು ಜೀವ ಬಂದಂತೆ ಮಿಸುಕಿತು. ಅವನು ಅದನ್ನು ಮಗುವಿನ ಬೆರಳಿನ ಹಾಗೆ ಹಿಡಿದ. ನಾಲ್ಕೋ ಐದೋ ಉಸಿರಿನಷ್ಟು ಹೊತ್ತು. ಆಮೇಲೆ ಗಾಳಿ ಬಿಟ್ಟುಕೊಟ್ಟಿತು, ಚಕ್ರಗಳು ನೆಲ ಮುಟ್ಟಿದವು. ಊಟ ಡಬ್ಬಿಯಲ್ಲೇ ತಣ್ಣಗಾಯಿತು.

ಬಡಗಿ ಸುಳ್ಳು ಬರೆಯುವವನಲ್ಲ. ಆ ಸಂಜೆ ಪುಸ್ತಕದಲ್ಲಿ, ಎತ್ತರ: ನಾಲ್ಕು ಬೆರಳು, ಎಂದು ಬರೆದ.

ಮಾರನೇ ಬೆಳಿಗ್ಗೆ ಅವನಿಗೆ ನೋಟೀಸು ಕಾದಿತ್ತು. ವಿಮಾನವೊಂದು ಇಲಾಖೆಯ ಆವರಣದಲ್ಲಿ, ಕಚೇರಿ ವೇಳೆಯಲ್ಲಿ, ಪ್ರಯಾಣಿಕರ ಸಮೇತ ಹಾರಿರುವುದು ಗಮನಕ್ಕೆ ಬಂದಿದ್ದು, ಈ ಕೃತ್ಯಕ್ಕೆ ಕಾರಣ ಕೇಳಲಾಗಿತ್ತು. ಕಟ್ಟಡದ ಇತಿಹಾಸದಲ್ಲಿ ಇಂಥದ್ದು ನಡೆದಿರಲಿಲ್ಲ ಎಂದು ನಿರ್ದೇಶಕರು ನಿಜಕ್ಕೂ ನೊಂದುಕೊಂಡರು.

"ನಂಬಿಕೆ ಇಟ್ಟಿದ್ದೆವು ನಿಮ್ಮ ಮೇಲೆ," ಅಂದರು.

"ಗಾಳಿ ಬೀಸಿತು ಸರ್."

"ಗಾಳಿ ಬೀಸೋದು ಎಲ್ಲರಿಗೂ. ಎಲ್ಲರೂ ಹಾರ್ತಾರಾ? ನಾವೂ ಅಲ್ಲೇ ಇದ್ದೆವಲ್ಲ."

ಬಡಗಿ ತಲೆ ತಗ್ಗಿಸಿದ. ಹಾರಿದ್ದಕ್ಕೆ ನಾಚಿಕೆಯಾಗಬೇಕೋ ಬೇಡವೋ ತಿಳಿಯದೆ, ಆ ಕೊಠಡಿಯಲ್ಲಿ ನಿಂತವನು ಎಷ್ಟು ನಾಚಬೇಕೋ ಅಷ್ಟು ನಾಚಿದ. ಗುಮಾಸ್ತೆ ಅವನ ಪರವಾಗಿ ಮಾತಾಡಿ, ಮೊದಲ ತಪ್ಪೆಂದು ಪರಿಗಣಿಸಬಹುದಾದ ನಿಯಮ ಹುಡುಕಿದಳು. ಎರಡೂ ರೆಕ್ಕೆಗಳ ಮೇಲೆ ಮೂರು ಮೂರು ಮರಳಿನ ಮೂಟೆ ಇಡುವುದೆಂದು ತೀರ್ಮಾನವಾಯಿತು. ಬಡಗಿ ಒಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು: "ನಾನು ಇನ್ನು ಮುಂದೆ ಯಾವ ಸಂದರ್ಭದಲ್ಲಿಯೂ, ಯಾವ ಎತ್ತರಕ್ಕೂ, ತಿಳಿದೋ ತಿಳಿಯದೆಯೋ ಹಾರುವುದಿಲ್ಲ."

ನಲವತ್ತನೇ ಗಂಟೆ ಆ ಶುಕ್ರವಾರ ತುಂಬಿತು. ಲೈಸೆನ್ಸಿಗೆ ಬೇಕಾದ ಕಾಗದಗಳಲ್ಲಿ ಅರ್ಜಿದಾರರ ಸನ್ನಡತೆಯ ಬಗ್ಗೆ ಲಿಖಿತ ಪುರಾವೆಯೊಂದು ಬೇಕಿತ್ತು. ಗುಮಾಸ್ತೆ ಆ ಮುಚ್ಚಳಿಕೆಯನ್ನೇ ಲಗತ್ತಿಸಿದಳು. ಹದಿನಾರು ಮಂದಿಯೂ ಹಿತ್ತಲಿಗೆ ಬಂದು ನಿಂತಾಗ ನಿರ್ದೇಶಕರು ಬಡಗಿಗೆ ವಿಮಾನ ಚಾಲಕನ ಲೈಸೆನ್ಸ್ ಕೊಟ್ಟು, ಶಿಸ್ತು ಎಂದರೇನು ಎಂಬ ವಿಷಯವಾಗಿ ನಾಲ್ಕು ಮಾತಾಡಿದರು. ಹೆಂಡತಿ ಬಂದಿದ್ದಳು. ಅವಳು ಚಪ್ಪಾಳೆ ತಟ್ಟಲಿಲ್ಲ. ಮರಳಿನ ಮೂಟೆಯ ಹತ್ತಿರ ಹೋಗಿ, ಭಾರಕ್ಕೆ ಹೊಲಿಗೆ ಎಲ್ಲಾದರೂ ಬಿಟ್ಟಿದೆಯೇ ಎಂದು ಬೆರಳಾಡಿಸಿ ನೋಡಿದಳು. ಬಿಟ್ಟಿರಲಿಲ್ಲ.

"ಈಗ ನಮ್ಮ ಎಂಜಿನ್ ಹಾಕ್ಕೋಬಹುದಾ, ಕೇಳಿದ್ರಾ?" ಅಂದಳು ದಾರಿಯಲ್ಲಿ.

"ಕೇಳಿದೆ. ವಿಮಾನ ಸದ್ಯ ಸೇವೆಯಲ್ಲಿದೆಯಂತೆ. ಬದಲಿ ವಿಮಾನ ಒದಗಿಸಿದರೆ ಬಿಡ್ತಾರಂತೆ."

"ಬದಲಿ ವಿಮಾನ."

"ಹೂಂ."

ಅವಳು ಬೆರಳಿಗೆ ಹತ್ತಿದ ಮರಳು ಕೊಡವಿಕೊಂಡು, "ನೀವೇನಂದ್ರಿ?" ಎಂದು ಕೇಳಿದಳು.

"ಸೋಮವಾರ ಹತ್ತಕ್ಕೆ ಬರ್ತೀನಿ ಅಂದೆ."

ಬೇಸಿಗೆ ಕಳೆದು ಮಳೆಗಾಲವಾಯಿತು, ಮಳೆಗಾಲ ಕಳೆದು ಚಳಿಗಾಲ. ಚಳಿಯಲ್ಲಿ ನೌಕರರು ಸ್ವೆಟರು, ಮಫ್ಲರು ಹಾಕಿಕೊಂಡು ಗಾಳಿಗೆ ಕೂತು ಹಲ್ಲು ಕಟಕಟಿಸುತ್ತ ಕೆಲಸ ಮಾಡಿದರು. ಕಿಟಕಿ ಮುಚ್ಚಲು ಸಮಿತಿಯನ್ನು ವಿಸರ್ಜಿಸಬೇಕು; ವಿಸರ್ಜಿಸಲು ಅದು ತನ್ನ ಆಯ್ಕೆ ತಪ್ಪೆಂದು ಒಪ್ಪಬೇಕು. ಯಾರಿಗೂ ಹಾಗೆ ಅನ್ನಿಸಿರಲಿಲ್ಲ. ನಾಲ್ಕು ಜನಕ್ಕೆ ನೆಗಡಿಯಾಯಿತು. ವಾರ್ಷಿಕ ವರದಿಯಲ್ಲಿ ಇಲಾಖೆ ತನ್ನ ಇತಿಹಾಸದಲ್ಲೇ ಅತಿ ಹೆಚ್ಚು ಹಾರಾಟದ ಗಂಟೆಗಳನ್ನು ಸಾಧಿಸಿತೆಂದೂ, ಅಪಘಾತಗಳು ಸೊನ್ನೆಯೆಂದೂ ಬರೆಯಲಾಯಿತು. ಎರಡೂ ನಿಜ.

ಮುಂದಿನ ಬೇಸಿಗೆಯ ಶುರುವಿನಲ್ಲಿ ಒಬ್ಬರು ಹಲ್ಲಿನ ಡಾಕ್ಟರು ಹಿತ್ತಲಿಗೆ ಬಂದರು. ತಮ್ಮ ಕ್ಲಿನಿಕ್ಕಿನ ತಾರಸಿಯ ಮೇಲೆ ನಾಲ್ಕು ವರ್ಷದಿಂದ ಒಂದು ಸೀಟಿನ ವಿಮಾನ ಕಟ್ಟುತ್ತಿದ್ದರು. ತೆಳ್ಳನೆ ಮನುಷ್ಯ, ಕೈಯಲ್ಲಿ ನಕ್ಷೆಗಳ ಸುರುಳಿ, ಕಣ್ಣಲ್ಲಿ ನಿದ್ದೆಗೆಟ್ಟ ಹೊಳಪು. ಬಡಗಿ ಸೀಟಿನಲ್ಲಿ ಕೂತದ್ದನ್ನು ನೋಡಿ ಅವರು ಗೌರವದಿಂದ ರೆಕ್ಕೆಯ ತುದಿಯಲ್ಲೇ ನಿಂತರು.

"ನೀವು ಅನುಭವಸ್ಥರು," ಅಂದರು. "ಎರಡು ತಿಂಗಳಿಂದ ತಲೆ ಕೆಟ್ಟುಹೋಗಿದೆ ನನಗೆ. ಎಂಜಿನ್ನು ಹಗುರದ್ದು ಹಾಕಲೋ, ಶಕ್ತಿ ಇರೋದು ಹಾಕಲೋ? ಪ್ರೊಪೆಲ್ಲರು ಎಷ್ಟು ಉದ್ದ ಇರಬೇಕು? ಓರೆ ಎಷ್ಟು?"

ಬಡಗಿ ಕನ್ನಡಕ ಮೇಲೆತ್ತಿ ಅವರನ್ನು ಮಮತೆಯಿಂದ ನೋಡಿದ. ಹೇಳಬೇಕಾದ್ದು ಬಹಳ ಇತ್ತು. ನಿಧಾನಕ್ಕೆ ಶುರು ಮಾಡಿದ.

"ಅದೆಲ್ಲ ಇರಲಿ ಡಾಕ್ಟ್ರೇ. ಎಂಜಿನ್ನಿನಿಂದ ಶುರು ಮಾಡಬೇಡಿ, ಅಲ್ಲೇ ಎಲ್ಲರೂ ತಪ್ಪೋದು. ಮೊದಲು ಈ ಕಟ್ಟಡದ ಎರಡನೇ ಮಹಡಿಗೆ ಹೋಗಿ. ಅಲ್ಲಿ ಇನ್ನೊಂದು ಇಲಾಖೆ ಇದೆ, ಇಪ್ಪತ್ತು ಜನ ಬೆವರ್ತಾ ಕೂತಿದ್ದಾರೆ. ಯಾರ ಮೇಜು ಎಲ್ಲಿದೆ, ಕಿಟಕಿ ಎಷ್ಟಗಲ, ಯಜಮಾನರು ಎಷ್ಟು ಹೊತ್ತಿಗೆ ಮಲಗ್ತಾರೆ, ಇಷ್ಟು ಬರ್ಕೊಂಡು ಬನ್ನಿ. ಪ್ರೊಪೆಲ್ಲರು ನಾನು ಕೆತ್ತಿಕೊಡ್ತೀನಿ."

ಡಾಕ್ಟರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಒಂದೊಂದೇ ಬರೆದುಕೊಂಡರು. ಬರೆದದ್ದನ್ನು ಮತ್ತೊಮ್ಮೆ ಓದಿ, ಯಾವುದೋ ಅನುಮಾನ ಬಂದವರಂತೆ ತಲೆ ಎತ್ತಿದರು.

"ಎರಡನೇ ಮಹಡಿ ಅಂದ್ರಿ. ವಿಮಾನವನ್ನ ಅಷ್ಟು ಎತ್ತರಕ್ಕೆ ಹೇಗೆ ತಗೊಂಡು ಹೋಗೋದು?"

"ಕ್ರೇನ್ ತರಿಸ್ತಾರೆ," ಅಂದ ಬಡಗಿ. "ಅದಕ್ಕೆ ನಮೂನೆ ಇದೆ."

ಡಾಕ್ಟರಿಗೆ ಸಮಾಧಾನವಾಯಿತು. ಹತ್ತಿರ ಬಂದು ಕೈ ಕುಲುಕಿ, ಕಿಟಕಿಗಳ ಅಳತೆ ತೆಗೆದುಕೊಳ್ಳಲು ಮೆಟ್ಟಿಲು ಹತ್ತಿದರು.